ನಿಂತ ಕಾರಿನ ನಾಡಿ

ಮನುಷ್ಯನಿಗೆ ಕಾಯಿಲೆಯಾದರೆ ವೈದ್ಯರು ಬರುವ ಮೊದಲೇ ನೆರೆಹೊರೆಯವರು ಔಷಧ ಹೇಳಿ ಮುಗಿಸಿರುತ್ತಾರೆ. ಹಳೆಯ ಕಾರಿನ ಪಾಡೂ ಇದಕ್ಕಿಂತ ಬೇರೆಯಲ್ಲ. ಅದು ನಡುದಾರಿಯಲ್ಲಿ ನಿಂತಿತೆಂದರೆ ಸಾಕು. ಚಹದಂಗಡಿಯವನು, ಸೈಕಲ್ಲಿನಿಂದ ಇಳಿದವನು, ಎಳನೀರು ಮಾರುವವನು, ಎಲ್ಲರೂ ತಮತಮಗೆ ತೋಚಿದ ಕಾರಣವನ್ನು ಹೇಳುತ್ತಾರೆ. "ಹೇಗೆ ನಿಂತಿತು?" ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮೈಸೂರಿನ ಒಬ್ಬ ನಿವೃತ್ತ ಗಣಿತದ ಮೇಷ್ಟರ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಕಾರೊಂದಿತ್ತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ ನಮ್ಮ ಕಡೆ ಕೊನೆಯವರೆಗೂ ಫಿಯೆಟ್ ಎಂದೇ ಹೆಸರು. 1089 ಘನ ಸೆಂಟಿಮೀಟರಿನ ಪುಟ್ಟ ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲಿಯೇ ಗೇರಿನ ಹಿಡಿ, ಮೂವರು ಆರಾಮವಾಗಿಯೂ ಐವರು ಸ್ನೇಹದಿಂದಲೂ ಕೂರಬಹುದಾದಷ್ಟು ಜಾಗ. ಮೇಷ್ಟರು ಅದನ್ನು ಇನ್ನೊಬ್ಬರಿಂದ ಕೊಂಡು ಹದಿಮೂರು ವರ್ಷ ಸಾಕಿದ್ದರು. ಸಾಕಿದ್ದರೆಂಬ ಮಾತು ಇಲ್ಲಿ ಸರಿಯಾಗಿಯೇ ಇದೆ. ಅದರ ಮೇಲೆ ಹೊದಿಸುತ್ತಿದ್ದುದು ಮನೆಯಾಕೆಯ ಹಳೆಯ ಜಮಖಾನ.

ಆ ಕಾರಿಗೆ ಒಂದು ಮುಖ್ಯವಾದ ಕೆಲಸವಿತ್ತು. ಮೇಷ್ಟರ ಪತ್ನಿಯ ಅಕ್ಕ ಚನ್ನಪಟ್ಟಣದಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ತಿಂಗಳ ಎರಡನೆಯ ಭಾನುವಾರ ತಂಗಿ ಹೋಗಿ ಪಕ್ಕದಲ್ಲಿ ಕುಳಿತು, ಅಕ್ಕನ ತಲೆ ಬಾಚಿ, ಊರಿನ ಸುದ್ದಿಯನ್ನೆಲ್ಲ ಹೇಳಿ ಬರುವುದು ಪದ್ಧತಿ. ಅಕ್ಕ ಮರುಮಾತನಾಡಲಾರರು, ಆದರೆ ಭಾನುವಾರ ಮಧ್ಯಾಹ್ನವಾದರೆ ಬಾಗಿಲಿನ ಕಡೆಗೆ ಮುಖ ತಿರುಗಿಸಿ ಮಲಗುವರಂತೆ. ತಂಗಿಗೆ ಮಂಡಿಯ ನೋವು. ಬಸ್ಸಿನ ಮೆಟ್ಟಿಲು ಹತ್ತಲಾಗದು. ತಿಂಗಳು ತಿಂಗಳೂ ಬಾಡಿಗೆಯ ಕಾರು ಹಿಡಿಯಲು ನಿವೃತ್ತಿವೇತನ ಒಪ್ಪದು. ಹೀಗಾಗಿ ಆ ಕಾರು ಓಡುವವರೆಗೆ ಮಾತ್ರ ಅಕ್ಕತಂಗಿಯರ ಭೇಟಿ ಎಂಬಂತಾಗಿತ್ತು.

2009ರ ಫೆಬ್ರವರಿಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಹೊರಟ ಕಾರು ಮಂಡ್ಯವನ್ನು ದಾಟಿದ ಮೇಲೆ ಇದ್ದಕ್ಕಿದ್ದಂತೆ ಸತ್ತಿತು. ಹಿಂದೆ ಬರುತ್ತಿದ್ದ ಲಾರಿ ಕಿವಿ ಕಿತ್ತುಹೋಗುವಂತೆ ಹಾರನ್ನು ಬಾರಿಸಿ ಪಕ್ಕದಲ್ಲಿಯೇ ಸರಿದುಹೋಯಿತು. ಮೇಷ್ಟರು ಕ್ಲಚ್ಚನ್ನೊತ್ತಿ, ಉಳಿದ ವೇಗದಲ್ಲಿಯೇ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಕೈ ನಡುಗುತ್ತಿತ್ತು. ಸೇರಿದ ಜನ ಒಕ್ಕೊರಲಿನಿಂದ "ವೇಪರ್ ಲಾಕು" ಎಂದರು.

ಈ ವೇಪರ್ ಲಾಕು ಕಟ್ಟುಕಥೆಯಲ್ಲ. ಎಂಜಿನ್ನಿನ ಕಾವಿಗೆ ಪಂಪಿನಲ್ಲಿಯೋ ಕೊಳವೆಯಲ್ಲಿಯೋ ಪೆಟ್ರೋಲು ಕುದಿದು ಆವಿಯಾದರೆ ಪಂಪು ದ್ರವಕ್ಕೆ ಬದಲು ಬರಿಯ ಆವಿಯನ್ನು ಹಿಸುಕುತ್ತ ಕೂರುತ್ತದೆ. ಅದಕ್ಕೆ ಹಿರಿಯರು ಕಂಡುಕೊಂಡ ಚಿಕಿತ್ಸೆ ಒದ್ದೆ ಬಟ್ಟೆ. ಮೇಷ್ಟರೂ ಪಂಪಿಗೆ ಒದ್ದೆ ಬಟ್ಟೆಯನ್ನು ಸುತ್ತಿದರು. ಅರ್ಧ ಗಂಟೆಯ ಮೇಲೆ ಕಾರು ಏನೂ ಆಗದಂತೆ ಹೊರಟಿತು. ಬಟ್ಟೆಗೆ ಕೀರ್ತಿ ಬಂತು.

ಮಾರ್ಚಿಯಲ್ಲಿ ಮದ್ದೂರಿನ ಈಚೆಗೆ ಮತ್ತೆ ಅದೇ ಗತಿ. ಏಪ್ರಿಲಿನಲ್ಲಿ ಮಂಡ್ಯದ ಬಳಿ ಮೂರನೆಯ ಸಲ. ಅಷ್ಟರೊಳಗೆ ಒಂದು ಕಾರ್ಖಾನೆಯವರು ಪೆಟ್ರೋಲಿನ ತೊಟ್ಟಿಯನ್ನು ತೊಳೆದಿದ್ದರು. ಇನ್ನೊಬ್ಬರು ಪಂಪನ್ನೇ ಬದಲಿಸಿದ್ದರು. ಮೂರನೆಯವರು ಕಾಂಟ್ಯಾಕ್ಟ್ ಪಾಯಿಂಟುಗಳು ಕರಕಲಾಗಿವೆಯೆಂದು ಎರಡು ಬಾರಿ ಹೊಸದನ್ನು ಹಾಕಿದ್ದರು. ಪ್ರತಿಯೊಬ್ಬರೂ ಕಾರನ್ನು ಊರೊಳಗೆ ಹತ್ತು ನಿಮಿಷ ಓಡಿಸಿ, "ಈಗ ಸರಿಯಾಯಿತು" ಎಂದು ಬೀಳ್ಕೊಟ್ಟಿದ್ದರು. ದೇವರಾಜ ಮಾರುಕಟ್ಟೆಯವರೆಗೆ ಹೋಗಿ ಬರಲು ಆ ಕಾರು ಎಂದೂ ತಕರಾರು ಮಾಡಿದುದಿಲ್ಲ. ಜ್ವರ ಬಿಟ್ಟ ಮೇಲೆ ರೋಗಿಯ ಕೈ ಹಿಡಿದು, ಜ್ವರವೇ ಇಲ್ಲವೆಂದಂತಾಗಿತ್ತು ಆ ಪರೀಕ್ಷೆ.

ಬೆಂಗಳೂರಿನಲ್ಲಿದ್ದ ಮಗ ದೂರವಾಣಿಯಲ್ಲಿ ಕೊನೆಯ ತೀರ್ಪನ್ನು ಕೊಟ್ಟ. "ವಯಸ್ಸಾಯಿತಪ್ಪ ಅದಕ್ಕೆ. ಹೆದ್ದಾರಿಯಲ್ಲಿ ನಿಮ್ಮಿಬ್ಬರಿಗೆ ಏನಾದರೂ ಆದರೆ? ಮಾರಿಬಿಡಿ." ಮಗನ ಕಳಕಳಿ ಸುಳ್ಳಲ್ಲ. ಮೇಷ್ಟರು ಮೌನವಾಗಿ ಒಪ್ಪಿದರು. ಕೊಳ್ಳುವವನೊಬ್ಬನು ಬಂದು ನೋಡಿಯೂ ಹೋದ. ತಾಯಿ ಏನೂ ಹೇಳಲಿಲ್ಲ. ಅಂದು ರಾತ್ರಿ ಆಕೆ ಖರ್ಚಿನ ಪುಸ್ತಕವನ್ನು ತೆರೆದು ಬಹಳ ಹೊತ್ತು ಕುಳಿತಿದ್ದರು.

ಮಾರುವ ಮುನ್ನ ದೀಪಗಳನ್ನು ಸರಿಪಡಿಸಬೇಕೆಂದು ಮೇಷ್ಟರು ಹಳೆಯ ಎಲೆಕ್ಟ್ರೀಷಿಯನ್ ಒಬ್ಬನ ಅಂಗಡಿಗೆ ಕಾರನ್ನು ಒಯ್ದರು. ಆ ಮುದುಕನು ಬಾನೆಟ್ಟನ್ನು ಎತ್ತುವ ಮೊದಲು ಕೇಳಿದ: "ನಿಲ್ಲುವಾಗ ಹೇಗೆ ನಿಂತಿತು ಸ್ವಾಮಿ? ಕೆಮ್ಮಿ, ಎಳೆದಾಡಿ ನಿಂತಿತೋ, ಒಮ್ಮೆಗೇ ನಿಂತಿತೋ?"

ಮೇಷ್ಟರು ತಡವರಿಸಿದರು. ಲಾರಿಯ ಹಾರನ್ನಿನ ಗಾಬರಿಯಲ್ಲಿ ಅವರಿಗೆ ಅದರ ನೆನಪೇ ಇರಲಿಲ್ಲ. ಕಾರಿನೊಳಗೆ ಕುಳಿತಿದ್ದ ಪತ್ನಿ ಕಿಟಕಿಯಿಂದಲೇ ಉತ್ತರವಿತ್ತರು. "ಕೆಮ್ಮಲಿಲ್ಲ, ಎಳೆದಾಡಲೂ ಇಲ್ಲ. ಮನೆಯಲ್ಲಿ ಕರೆಂಟು ಹೋದರೆ ರೇಡಿಯೋ ಮಾತಿನ ನಡುವೆಯೇ ನಿಂತುಹೋಗುವುದಿಲ್ಲವೆ? ಹಾಗೆ ನಿಂತಿತು. ಮೂರು ಸಲವೂ ಹಾಗೆಯೇ. ಹೊರಟ ಒಂದು ಗಂಟೆಯ ಆಸುಪಾಸಿನಲ್ಲಿ. ಸಂಜೆ ತಂಪಿನಲ್ಲಿ ಹಿಂದಿರುಗುವಾಗ ಒಂದು ಸಲವೂ ಇಲ್ಲ." ಖರ್ಚಿನ ಪುಸ್ತಕದಲ್ಲಿ ದಿನಾಂಕ, ಸ್ಥಳ, ಹೊತ್ತು ಎಲ್ಲವೂ ಬರೆದಿತ್ತು. ಮೂರು ತಿಂಗಳಿನಿಂದ ಆಕೆಗೆ ಗೊತ್ತಿದ್ದ ಸಂಗತಿಯಿದು. ಕೇಳಿದವರಿರಲಿಲ್ಲ, ಅಷ್ಟೆ.

ಮುದುಕನ ಮುಖ ಅರಳಿತು. ಪೆಟ್ರೋಲಿನ ಕೊರತೆಯಿಂದ ಸಾಯುವ ಎಂಜಿನ್ನು ಸಾಮಾನ್ಯವಾಗಿ ಒಮ್ಮೆಗೇ ಸಾಯುವುದಿಲ್ಲ. ಪಂಪು ನಿಂತರೂ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದಿಷ್ಟು ಪೆಟ್ರೋಲು ಉಳಿದಿರುತ್ತದೆ. ಅದು ಬತ್ತುತ್ತ ಬಂದಂತೆ ಎಂಜಿನ್ನು ಮುಗ್ಗರಿಸುತ್ತದೆ, ಚೇತರಿಸಿಕೊಳ್ಳುತ್ತದೆ, ಮತ್ತೆ ಮುಗ್ಗರಿಸಿ ನಿಲ್ಲುತ್ತದೆ. ದೀಪವಾರಿದಂತೆ ನಿಂತಿತೆಂದರೆ ಹೆಚ್ಚಾಗಿ ಹೋದದ್ದು ಕಿಡಿ. "ಆದರೆ ಊಹೆ ಬೇಡ" ಎಂದ ಮುದುಕ. "ಅದು ಸತ್ತಿರುವಾಗಲೇ ನೋಡಬೇಕು. ಬದುಕಿದ ಮೇಲೆ ನೋಡಿ ಏನು ಫಲ?" ಹೀಗೆಂದು ಚೆನ್ನಾಗಿದ್ದ ಹಳೆಯ ಇಗ್ನಿಷನ್ ಕಾಯಿಲ್ ಒಂದನ್ನು ಕಡವಾಗಿ ಕೊಟ್ಟು, ಮಾಡಬೇಕಾದುದನ್ನು ಕ್ರಮವಾಗಿ ಹೇಳಿಕೊಟ್ಟ.

ಹಳೆಯ ಕಾರಿನ ಕಿಡಿಯ ಏರ್ಪಾಡು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ಪದ್ಧತಿಯದು. ಬ್ಯಾಟರಿಯಲ್ಲಿರುವುದು 12 ವೋಲ್ಟು ಮಾತ್ರ. ಪ್ಲಗ್ಗಿನಲ್ಲಿ ಕಿಡಿ ಹಾರಲು ಹತ್ತಾರು ಸಾವಿರ ವೋಲ್ಟು ಬೇಕು. ಕಾಯಿಲಿನೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ ಕೂದಲೆಳೆಯ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಪಾಯಿಂಟುಗಳು ತೆರೆದು ದಪ್ಪ ತಂತಿಯ ಪ್ರವಾಹವನ್ನು ಕಡಿದೊಡನೆ ಸಣ್ಣ ತಂತಿಯಲ್ಲಿ ಭಾರಿ ಒತ್ತಡ ಉಕ್ಕುತ್ತದೆ. ಅತಿಯಾಗಿ ಕಾದ ಕಾಯಿಲಿನೊಳಗೆ ತಂತಿಯ ಮೇಲಿನ ಹೊದಿಕೆ ಸೋಲುತ್ತದೆ, ಕಿಡಿ ಮಾಯವಾಗುತ್ತದೆ. ತಣಿದ ಮೇಲೆ ಮತ್ತೆ ಜೀವ ಬರುತ್ತದೆ. ಎಂದರೆ, ಒದ್ದೆ ಬಟ್ಟೆ ಸುತ್ತಿ ಕಾದ ಅರ್ಧ ಗಂಟೆಯಲ್ಲಿ ಪಂಪೂ ತಣಿದಿತ್ತು, ಕಾಯಿಲೂ ತಣಿದಿತ್ತು. ಎರಡು ರೋಗಕ್ಕೂ ಒಂದೇ ಮದ್ದಾದುದರಿಂದ ರೋಗ ಯಾವುದೆಂಬುದು ತಿಳಿಯದೆ ಹೋಗಿತ್ತು.

ಮೇ ತಿಂಗಳ ಎರಡನೆಯ ಭಾನುವಾರ, ಮದ್ದೂರಿನ ಶಿಂಷಾ ಸೇತುವೆಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಕಾರು ನಿರೀಕ್ಷೆಯಂತೆ ಸತ್ತಿತು. ಈ ಸಲ ಮೇಷ್ಟರು ಅಂಚಿನ ಕಡೆಯ ಓಣಿಯಲ್ಲಿಯೇ ಬರುತ್ತಿದ್ದರು. ಕಾರು ಸದ್ದಿಲ್ಲದೆ ಹುಣಸೆಯ ಮರದ ನೆರಳಿಗೆ ಉರುಳಿ ನಿಂತಿತು. ಒದ್ದೆ ಬಟ್ಟೆಯ ಸಲಹೆ ಹೊತ್ತು ಇಬ್ಬರು ಬಂದರು. ಮೇಷ್ಟರು ಕೈಮುಗಿದು ತಡೆದರು.

ಹಾರನ್ನು ಕೂಗಿತು, ಸ್ಟಾರ್ಟರು ಲಗುಬಗೆಯಿಂದ ತಿರುಗಿತು. ಬ್ಯಾಟರಿಯ ಮೇಲಿದ್ದ ಸಂಶಯ ಹೋಯಿತು. ಗೇರು ತಟಸ್ಥದಲ್ಲಿದೆಯೆಂದೂ ಹ್ಯಾಂಡ್‌ಬ್ರೇಕು ಬಿಗಿದಿದೆಯೆಂದೂ ನೋಡಿಕೊಂಡು, ಕೀಲಿಯ ಬಳಿಗೆ ಪತ್ನಿಯನ್ನು ಕೂರಿಸಿದರು. ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ತಂತಿಯನ್ನು ಕಿತ್ತು, ಬಟ್ಟೆ ಒಣಗಿಸುವ ಮರದ ಕ್ಲಿಪ್ಪಿನಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಕಾಲಂಗುಲದ ಅಂತರದಲ್ಲಿಟ್ಟು "ಹೂಂ" ಎಂದರು. ಆಕೆ ಕೀಲಿಯನ್ನು ತಿರುಗಿಸಿದರು. ಚಟಚಟನೆ ನೀಲಿ ಕಿಡಿ ಹಾರಬೇಕಾಗಿದ್ದಲ್ಲಿ ಏನೂ ಇರಲಿಲ್ಲ. ಆಮೇಲೆ, ಕಿಡಿಯ ಪರೀಕ್ಷೆಯೆಲ್ಲ ಮುಗಿದ ಮೇಲೆಯೇ, ಕಾರ್ಬ್ಯುರೇಟರಿನ ಬಾಯಿ ತೆರೆದು ಹಿಡಿಯನ್ನೆಳೆದು ನೋಡಿದರು. ಪೆಟ್ರೋಲು ಪಿಚಕಾರಿಯಂತೆ ಚಿಮ್ಮಿತು. ತಿಂಗಳುಗಟ್ಟಲೆ ಶಿಕ್ಷೆ ಅನುಭವಿಸಿದ ಪೆಟ್ರೋಲು ನಿರಪರಾಧಿಯಾಗಿತ್ತು. ಕಾಯಿಲಿನ ಮೇಲೆ ಬೆರಳಿಡುವ ಹಾಗಿರಲಿಲ್ಲ.

ಹಿಂಗೈಗೆ ವಸ್ತ್ರ ಸುತ್ತಿಕೊಂಡು ಕಾಯಿಲನ್ನು ಬಿಚ್ಚಿ, ಕಡ ತಂದುದನ್ನು ಬಿಗಿದು, ತಂತಿಗಳನ್ನು ಸೇರಿಸಿ, ತೆರೆದುದನ್ನೆಲ್ಲ ಮುಚ್ಚಲು ಹತ್ತು ನಿಮಿಷ ಹಿಡಿಯಿತು. ಎಂಜಿನ್ನು ಇನ್ನೂ ಕಾದಿತ್ತು, ಪಂಪೂ ಕಾದಿತ್ತು. ಬದಲಾಗಿದ್ದುದು ಕಾಯಿಲ್ ಒಂದೇ. ಆಕೆ ಕೀಲಿ ತಿರುಗಿಸಿದರು. ಕಾರು ಮೊದಲ ತಿರುಗಿಗೇ ಮಾತನಾಡಿತು.

ಅಂದು ಚನ್ನಪಟ್ಟಣದ ಮನೆಯನ್ನು ತಲುಪಿದಾಗ ಅಕ್ಕ ಎಂದಿನಂತೆ ಬಾಗಿಲಿನ ಕಡೆಗೆ ಮುಖ ಮಾಡಿಯೇ ಮಲಗಿದ್ದರು. ತಂಗಿಯ ಅಂಗೈಗೆ ಹತ್ತಿದ್ದ ಎಣ್ಣೆಯ ಕಪ್ಪನ್ನು ಕಂಡು ಅವರ ಕಣ್ಣಿನಲ್ಲಿ ನಗು ಸುಳಿಯಿತು.

ಉಳಿದ ಒಗಟು ಮೈಸೂರಿನಲ್ಲಿ ಒಡೆಯಿತು. ಎಲೆಕ್ಟ್ರೀಷಿಯನ್ ಬಿಚ್ಚಿ ತಂದ ಕಾಯಿಲಿಗೆ ಮೀಟರನ್ನು ಹಿಡಿದ. ಸುಮಾರು 3 ಓಮ್ ರೋಧವಿರಬೇಕಾದಲ್ಲಿ ಇದ್ದುದು ಒಂದೂವರೆ ಮಾತ್ರ. ಅದು ಬ್ಯಾಲಸ್ಟ್ ರೆಸಿಸ್ಟರ್ ಎಂಬ ಇನ್ನೊಂದು ರೋಧವನ್ನು ಜೊತೆಗಿಟ್ಟುಕೊಂಡು ಬಳಸಬೇಕಾದ ಜಾತಿಯ ಕಾಯಿಲ್. ಈ ಕಾರಿನಲ್ಲಿ ಅದಿಲ್ಲ. ಗಣಿತದ ಮೇಷ್ಟರಿಗೆ ಮುಂದಿನದು ಬಾಯಿಲೆಕ್ಕ. ಪಾಯಿಂಟುಗಳು ಮುಚ್ಚಿರುವಾಗ ಹರಿಯಬೇಕಾದುದು 4 ಆಂಪಿಯರ್, ಹರಿಯುತ್ತಿದ್ದುದು 8; ಕಾವೂ ಇಮ್ಮಡಿ. ಪಾಯಿಂಟುಗಳು ಮತ್ತೆ ಮತ್ತೆ ಕರಕಲಾಗುತ್ತಿದ್ದುದಕ್ಕೂ ಅದೇ ಕಾರಣ. ಅವು ಅಪರಾಧಿಗಳಲ್ಲ, ಗಾಯಗೊಂಡ ಸಾಕ್ಷಿಗಳು. ಚಳಿಗಾಲದಲ್ಲಿ ಹೇಗೋ ತಡೆದುಕೊಂಡ ಕಾಯಿಲ್ ಬೇಸಿಗೆಯ ನಡುಹಗಲಿನ ದೂರ ಪ್ರಯಾಣದಲ್ಲಿ ಸೋಲುತ್ತಿತ್ತು.

ಆ ಕಾಯಿಲ್ ಬಂದದ್ದಾದರೂ ಎಂದು? ಖರ್ಚಿನ ಪುಸ್ತಕ ಅದನ್ನೂ ಹೇಳಿತು. 2008ರ ದಸರೆಯ ಮುಂಚೆ ಸರ್ವಿಸಿಗೆ ಕೊಟ್ಟಾಗ ಹಾಕಿಸಿದ್ದು. ಎಂದರೆ, ಮುಪ್ಪಿನಿಂದ ಸತ್ತಿತೆಂದು ಎಲ್ಲರೂ ಕೈಚೆಲ್ಲಿದ ಕಾರನ್ನು ಕೊಲ್ಲುತ್ತಿದ್ದುದು ಅದರಲ್ಲಿದ್ದ ವಸ್ತುಗಳಲ್ಲಿ ತೀರ ಹೊಸದೊಂದು. ವಯಸ್ಸಾಯಿತೆಂಬುದು ಹಲವು ವೇಳೆ ಕಾರಣವಲ್ಲ. ಕಾರಣವನ್ನು ಹುಡುಕುವುದನ್ನು ನಿಲ್ಲಿಸಿದೆವೆಂಬುದರ ಇನ್ನೊಂದು ಹೆಸರು. ಯಂತ್ರಕ್ಕೆ ಆ ಮಾತನ್ನು ಹೇಳಿದರೆ ಹೋಗುವುದು ಹಣ. ಮನುಷ್ಯರಿಗೆ ಹೇಳಿದಾಗ ಹೋಗುವುದು ಏನೆಂಬುದನ್ನು ಮನೆಯಲ್ಲಿ ಹಿರಿಯರಿರುವವರು ಬಲ್ಲರು.

ಸರಿಯಾದ ಕಾಯಿಲ್ ಬಂದಮೇಲೆ ಕಾರು ಮತ್ತೆ ದಾರಿಯಲ್ಲಿ ಹಾಗೆ ನಿಲ್ಲಲಿಲ್ಲ. ಎರಡನೆಯ ಭಾನುವಾರಗಳು ಇನ್ನೂ ಮೂರು ವರ್ಷ ನಡೆದುವು. 2012ರಲ್ಲಿ ಅಕ್ಕ ತೀರಿಕೊಂಡರು. ಆಮೇಲೆ ಕಾರನ್ನು ಮಾರೋಣವೆಂದು ಹೇಳಿದವರು ಮಗನಲ್ಲ, ಮೇಷ್ಟರೂ ಅಲ್ಲ, ಆಕೆಯೇ. ಕೊಂಡ ತರುಣನ ಕೈಗೆ ಕೀಲಿಯ ಜೊತೆಯಲ್ಲಿ ಖರ್ಚಿನ ಪುಸ್ತಕದಿಂದ ಹರಿದ ಹಾಳೆಯೊಂದನ್ನೂ ಕೊಟ್ಟರು. ಅದರಲ್ಲಿ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: "ಕಾಯಿಲ್ 3 ಓಮ್. ನಿಂತರೆ, ಹೇಗೆ ನಿಂತಿತೆಂದು ಮೊದಲು ಬರೆದಿಟ್ಟುಕೊಳ್ಳುವುದು."