6 ಸಾವಿರದ ರೋಡ್‌ಕಿಂಗ್, ಭಾಯ್ ಅಂಗಡಿ

ನಿಮ್ಮೂರಲ್ಲೂ ಒಂದಿರಬಹುದು, ನೋಡಿ. ಕೊಟ್ಟಿಗೆ ಮೂಲೆಯಲ್ಲೋ, ಹುಳು ಮನೆ ಹಿಂದೋ, ಹುಣಸೆ ಮರದ ಕೆಳಗೋ ಒಂದು ಹಳೇ ಯೆಜ್ಡಿ ನಿಂತಿರುತ್ತೆ. ಟಯರು ನೆಲಕ್ಕೆ ಅಂಟಿಕೊಂಡಿರುತ್ತೆ. ಸೀಟಿನ ಸ್ಪಂಜನ್ನು ಇಲಿ ಕಿತ್ತಿರುತ್ತೆ. ಹ್ಯಾಂಡಲ್ ಮೇಲೆ ಯಾರದೋ ಟವೆಲ್ ಒಣಗುತ್ತಿರುತ್ತೆ. ಗುಜರಿಯವನು ವರ್ಷಕ್ಕೊಮ್ಮೆ ಬಂದು ಕೇಳಿಕೊಂಡು ಹೋಗುತ್ತಾನೆ.

ಅಂಥದ್ದೊಂದನ್ನು ನಾವು ಕೊಂಡೆವು. ನಾವು ಅಂದರೆ ಇಬ್ಬರು. ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಮಾಡಿದವರು. ಈಗ ಮಂಡ್ಯ ಜಿಲ್ಲೆಯಲ್ಲೇ ಎರಡು ಬೇರೆ ಬೇರೆ ಪತ್ರಿಕೆಗಳಿಗೆ ಸುದ್ದಿ ಕಳಿಸುವ ಸ್ಟ್ರಿಂಜರುಗಳು. ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಕಾಸು. ಇಂಥವರಿಗೆ ಹಳೇ ಬೈಕಿನ ಶೋಕಿ ಯಾಕೆ ಅಂತ ಎರಡೂ ಮನೆಯಲ್ಲಿ ಕೇಳಿದರು. ಶೋಕಿ ಇರಲಿಲ್ಲ ಅಂತ ಹೇಳೋದಿಲ್ಲ, ಇತ್ತು.

ಗೂಡಿನ ರೇಟು ಬಿದ್ದ ಸುದ್ದಿ ಮಾಡೋಕೆ ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದಾಗ ಗಾಡಿ ಕಣ್ಣಿಗೆ ಬಿತ್ತು. ಹುಳು ಮನೆಯಲ್ಲಿ ಹಳೇ ಚಂದ್ರಿಕೆಗಳ ಹಿಂದೆ ನಿಂತಿತ್ತು. 1984ರ ರೋಡ್‌ಕಿಂಗ್. ಕೆಎ ಅನ್ನೋ ನಂಬರ್ ಬರುವ ಮೊದಲಿನ, ಮೂರು ಅಕ್ಷರದ ಪ್ಲೇಟು. ಮನೆ ಯಜಮಾನರು ಅದರ ಮೇಲೆ ಗೂಡಿನ ಮೂಟೆ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದರಂತೆ. ಅವರು ತೀರಿಕೊಂಡು 11 ವರ್ಷ. ಗಾಡಿ ನಿಂತದ್ದು ಅದಕ್ಕೂ ಹಿಂದೆ.

ಗುಜರಿಯವನು ತೂಕದ ಲೆಕ್ಕದಲ್ಲಿ 4 ಸಾವಿರ ಹೇಳಿ ಹೋಗಿದ್ದ. ನಾವು 6 ಸಾವಿರ ಅಂದೆವು. ಆ ಅಮ್ಮ ಚೌಕಾಸಿ ಮಾಡಲಿಲ್ಲ.

"ದುಡ್ಡು ಇರ್ಲಿ ಕಣಪ್ಪ. ತಕ್ಕೊಂಡೋಗಿ ತೂಕಕ್ಕೆ ಹಾಕ್ಬುಟ್ಟೀರಾ ಮತ್ತೆ? ಓಡ್ಸದಾದ್ರೆ ತಕ್ಕೊಂಡೋಗಿ."

ಓಡಿಸ್ತೀವಿ ಅಂತ ಮಾತು ಕೊಟ್ಟೆವು. ಓಡುತ್ತೋ ಇಲ್ಲವೋ ಅನ್ನೋದು ಆಗ ನಮಗೂ ಗೊತ್ತಿರಲಿಲ್ಲ. ಕಿಕ್ಕರ್ ಮೇಲೆ ಇಬ್ಬರೂ ಹತ್ತಿ ನಿಂತರೂ ಅದು ಅಲ್ಲಾಡುತ್ತಿರಲಿಲ್ಲ.

ಇಲ್ಲಿ ಈ ಗಾಡಿಯ ಹಿನ್ನೆಲೆ ಸ್ವಲ್ಪ ಹೇಳಬೇಕು. ಯೆಜ್ಡಿ ನಮ್ಮ ಪಕ್ಕದ ಮೈಸೂರಿನದೇ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅಂದಿನ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು 1960ರ ದಶಕದ ಆರಂಭದಲ್ಲಿ ಇರಾನಿ ಕುಟುಂಬದವರು ಶುರು ಮಾಡಿದ ಕಾರ್ಖಾನೆ ಅದು. ಮೊದಲು ಜಾವಾ ಹೆಸರಲ್ಲೇ ಬೈಕ್ ಬಂತು. 1970ರ ದಶಕದಿಂದ ಯೆಜ್ಡಿ ಆಯಿತು. ಅದರಲ್ಲಿ ರೋಡ್‌ಕಿಂಗ್ ಹುಡುಗರ ಕನಸಿನ ಗಾಡಿ. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರ್. ಹೊಸಬರ ಕೈಗೆ ಕೊಟ್ಟರೆ ಕಿಕ್ಕರ್ ಎಲ್ಲಿ ಅಂತ ಬಲಗಡೆ ಹುಡುಕುತ್ತಾರೆ.

ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಅದೇ ಹೆಸರುಗಳಲ್ಲಿ ಬೇರೆ ಕಂಪನಿ ಬೈಕ್ ಮಾಡುತ್ತಿದೆ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಬಂದವು. ಅವು ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಎಂಜಿನ್ ಸಾಮಾನು ನಮ್ಮ ಹಳೇ ಗಾಡಿಗೆ ಕೂರೋದಿಲ್ಲ.

ಅಂದರೆ ಹತ್ತಿರ ಹತ್ತಿರ 30 ವರ್ಷದಿಂದ ಈ ಗಾಡಿಗಳಿಗೆ ಹೇಳೋರು ಕೇಳೋರು ಯಾವ ಕಂಪನಿಯೂ ಇಲ್ಲ. ಆದರೂ ಊರೂರಲ್ಲಿ ಓಡುತ್ತಿವೆ. ಓಡಿಸುತ್ತಿರೋರು ರಸ್ತೆ ಬದಿಯ ಮೆಕ್ಯಾನಿಕ್‌ಗಳು.

ನಮಗೆ ಸಿಕ್ಕವರು ಭಾಯ್. ತಾಲ್ಲೂಕು ಕೇಂದ್ರದಲ್ಲಿ ಮೇನ್ ರೋಡಿಗೇ ಅಂಟಿಕೊಂಡ ಹತ್ತಡಿ ಅಂಗಡಿ. ವಯಸ್ಸು 68. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಊರಿಗೆಲ್ಲ ಭಾಯ್ ಅಂದರೆ ಗೊತ್ತು. ಗೂಡ್ಸ್ ಆಟೋದಿಂದ ಗಾಡಿ ಇಳಿಸುತ್ತಿದ್ದಂತೆ ಹೊರಗೆ ಬಂದು ಸುತ್ತಲೂ ನೋಡಿದರು. ಆಮೇಲೆ ಕೇಳಿದ್ದು ಎಂಜಿನ್ ಬಗ್ಗೆ ಅಲ್ಲ.

"ಆರ್‌ಸಿ ಬುಕ್ ಇದೆಯೇನ್ರಪ್ಪಾ? ಅದಿಲ್ಲ ಅಂದ್ರೆ ನಾನು ಸ್ಪ್ಯಾನರ್ ಮುಟ್ಟಲ್ಲ."

ಇತ್ತು. ಭಾಯ್ ಎಂಜಿನ್ ನಂಬರಿನ ಮೇಲಿದ್ದ ಮಣ್ಣನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಛಾಸಿ ನಂಬರಿಗೂ ಹಾಗೇ. ಎರಡೂ ಬುಕ್ಕಿನೊಂದಿಗೆ ತಾಳೆಯಾದ ಮೇಲೆ ಗಾಡಿ ಅಂಗಡಿ ಒಳಗೆ ಹೋಯಿತು. ಹಳೇ ಗಾಡಿ ಕೊಳ್ಳೋರು ಮೊದಲು ಮಾಡಬೇಕಾದ್ದು ಇದೇ. ನಂಬರ್ ತಾಳೆಯಾಗದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಅಂಗಡಿ ಗೋಡೆಯ ಮೇಲೆ ಒಂದು ಕೆಂಪು ಗೆರೆ ಇತ್ತು. ರಸ್ತೆ ಅಗಲ ಮಾಡೋರು ಬಳಿದು ಹೋಗಿದ್ದ ಗುರುತು. ಗೆರೆಯ ಈಚೆಗಿನ ಆರು ಅಡಿ ಹೋಗುತ್ತೆ, ಉಳಿಯೋದು ನಾಲ್ಕು. ಯಾವಾಗ ಅಂತ ಯಾರಿಗೂ ಖಚಿತ ಇರಲಿಲ್ಲ. "ಹಬ್ಬದೊಳಗೆ" ಅಂತ ಒಬ್ಬರು, "ಚುನಾವಣೆ ಆದ್ಮೇಲೆ" ಅಂತ ಇನ್ನೊಬ್ಬರು. ಭಾಯ್ ಮಾತ್ರ, "ನಿಮ್ಮ ಗಾಡಿ ಮುಗಿಸೇ ಮುಚ್ತೀನಿ" ಅಂದರು.

ಕೆಲಸ ಶುರುವಾಯಿತು. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಬಿಟ್ಟು ಹಾಗೇ ಇಟ್ಟರು. ದಿನಾ ಬೆಳಿಗ್ಗೆ ಬಂದು ಕಿಕ್ಕರನ್ನು ಕೈಯಿಂದ ಸ್ವಲ್ಪ ಒತ್ತಿ ನೋಡೋದು, ಬಿಡೋದು. ನಾವು ಜೋರಾಗಿ ತುಳಿಯೋಕೆ ಹೋದರೆ ಬೈದರು. ಒಂಬತ್ತನೇ ದಿನ ಪಿಸ್ಟನ್ ಕೂದಲೆಳೆಯಷ್ಟು ಜರುಗಿತು. ಹೆಡ್ ಎತ್ತಿ ನೋಡಿದರೆ ಸಿಲಿಂಡರ್ ಒಳಗೆ ತುಕ್ಕಿನ ಗೀರು. ಲೇತಿನಲ್ಲಿ ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಬೇಕಾಯಿತು. ಪಿಸ್ಟನ್ನಿಗಾಗಿ ಮೈಸೂರು, ಬೆಂಗಳೂರಿನ ಜೆ.ಸಿ. ರೋಡ್ ಎಲ್ಲ ಅಲೆದೆವು. ಕೊನೆಗೆ ಸಿಕ್ಕಿದ್ದು ಭಾಯ್ ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಮನೆಯ ಅಟ್ಟದಲ್ಲಿ.

ಸೈಲೆನ್ಸರಿನಿಂದ ಇಲಿ ಗೂಡು ಬಂತು. ಟ್ಯಾಂಕಿನ ಒಳಗಿನ ತುಕ್ಕು ಬಿಡಿಸೋಕೆ ಸಣ್ಣ ಜಲ್ಲಿ, ಸೀಮೆಎಣ್ಣೆ ಹಾಕಿ ನಾವಿಬ್ಬರೂ ಎರಡು ಭಾನುವಾರ ಅಲ್ಲಾಡಿಸಿದೆವು. ಸುದ್ದಿ ಕೊಡೋಕೆ ಫೋನ್ ಮಾಡಿದವರಿಗೆಲ್ಲ ಹಿಂದೆ ಗಡಗಡ ಸದ್ದು ಕೇಳಿಸಿರಬೇಕು.

ನಮಗೆ ತಿಳಿಯದ ವಿದ್ಯೆ ಭಾಯ್ ಕೈಯಲ್ಲಿ ಎಷ್ಟಿದೆ ಅಂತ ಗೊತ್ತಾದ್ದು ಎರಡು ಸಲ.

ಒಂದು, ಟೈಮಿಂಗ್ ಕೂರಿಸುವಾಗ. ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಇನ್ನೂ ಸ್ವಲ್ಪ ಇರುವಾಗಲೇ ಕಿಡಿ ಹಾರಬೇಕು. ಪಾಯಿಂಟ್ ಬಿಟ್ಟುಕೊಳ್ಳುವ ಕ್ಷಣದಲ್ಲಿ ಕಿಡಿ ಹಾರುತ್ತೆ. ಭಾಯ್ ಸಿಗರೇಟ್ ಪ್ಯಾಕಿನ ತೆಳ್ಳನೆ ಹಾಳೆ ಹರಿದು ಪಾಯಿಂಟ್ ಮಧ್ಯೆ ಸಿಗಿಸಿದರು. ಹಾಳೆಯನ್ನು ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಿದರು. ಹಾಳೆ ಜಾರಿ ಬಂದ ಜಾಗವೇ ಪಾಯಿಂಟ್ ಬಿಡುವ ಜಾಗ. ಅದನ್ನು ನೋಡಿಕೊಂಡು ಪ್ಲೇಟನ್ನು ಅಷ್ಟಿಷ್ಟು ತಿರುಗಿಸಿ ಸ್ಕ್ರೂ ಬಿಗಿದರು. ಈಗ ಅವರಿಗೆ ಕಣ್ಣಿನ ಪೊರೆ ಬರುತ್ತಿದೆ. ಆ ಕೆಲಸಕ್ಕೆ ಕಣ್ಣು ಬೇಕಾಗಲೇ ಇಲ್ಲ.

ಇನ್ನೊಂದು, ಗಾಡಿ ಸ್ಟಾರ್ಟ್ ಆದ ಮೇಲೆ. ಹೊಗೆ ಅಂದರೆ ಹೊಗೆ, ಎದುರಿನ ಹೋಟೆಲ್‌ನವರು ಬಾಗಿಲು ಹಾಕಿಕೊಂಡರು. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತೇವೆ, ಲೀಟರಿಗೆ 30ರಿಂದ 40 ಮಿ.ಲೀ. ಅದು ಉರಿಯುವಾಗ ಹೊಗೆ ಸಹಜ. ಆಯಿಲ್ ಕಡಿಮೆ ಮಾಡೋಣ ಅಂದೆವು. ಭಾಯ್ ತಡೆದು ಗೇರ್ ಬಾಕ್ಸಿನ ಆಯಿಲ್ ಮಟ್ಟ ನೋಡಿದರು. ಇಳಿದಿತ್ತು. ಕ್ರ್ಯಾಂಕಿನ ಸೀಲ್ ಹೋಗಿ, ಅಲ್ಲಿಂದ ಎಂಜಿನ್ ಆ ಆಯಿಲನ್ನು ಎಳೆದು ಸುಡುತ್ತಿತ್ತು. "ಹೊಗೆ ನೋಡಿ ಪೆಟ್ರೋಲಿಗೆ ಆಯಿಲ್ ಕಡಿಮೆ ಮಾಡಿದ್ರೆ ಹೊಸ ಪಿಸ್ಟನ್ ಒಂದೇ ವಾರಕ್ಕೆ ಹಿಡ್ಕೊಳ್ಳುತ್ತೆ" ಅಂದರು. ಮತ್ತೆ ಎಂಜಿನ್ ಬಿಚ್ಚಿ ಸೀಲ್ ಬದಲಾಯಿಸಿದರು. ಈ ಎರಡನೇ ಸಲದ ಬಿಚ್ಚುವಿಕೆಗೆ ಮಜೂರಿ ತೆಗೆದುಕೊಳ್ಳಲಿಲ್ಲ.

ಕಾಗದಪತ್ರದ್ದು ಬೇರೆಯೇ ಕಥೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಯಜಮಾನರು ಹೋದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ. ಹಳೇ ಬುಕ್ಕಿನ ವಿವರ ಆನ್‌ಲೈನಿನಲ್ಲಿ ಇರಲಿಲ್ಲ, ಅದನ್ನು ಮೊದಲು ಸೇರಿಸಬೇಕು. ಮಾಲೀಕರು ತೀರಿಕೊಂಡಿದ್ದರೆ ನೇರವಾಗಿ ನಮ್ಮ ಹೆಸರಿಗೆ ಆಗೋದಿಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ, ಅಲ್ಲಿಂದ ಫಾರಂ 29, 30ರಲ್ಲಿ ಕೊಂಡವರ ಹೆಸರಿಗೆ.

ಅಮ್ಮನ ಹೆಸರಿಗೆ ಮಾಡಿಸೋಕೆ ಇಬ್ಬರು ಗಂಡು ಮಕ್ಕಳ ಒಪ್ಪಿಗೆ ಬೇಕಿತ್ತು. ದೊಡ್ಡವರು ಸಹಿ ಹಾಕಿದರು. ಬೆಂಗಳೂರಿನಲ್ಲಿದ್ದ ಚಿಕ್ಕವರು ಫೋನಿನಲ್ಲಿ ರೋಡ್‌ಕಿಂಗ್ ರೇಟು ನೋಡಿದ್ದರು. "ಒಂದು ಲಕ್ಷದ ಗಾಡೀನ 6 ಸಾವಿರಕ್ಕೆ ಹೊಡ್ಕೊಂಡ್ ಹೋಗಿದೀರಾ" ಅಂದರು. ಎರಡು ತಿಂಗಳು ಫೋನ್ ಎತ್ತಲಿಲ್ಲ. ಆ ಹೊತ್ತಿಗೆ ಬೋರ್ ಆಗಿತ್ತು, ಪಿಸ್ಟನ್ ಬಂದಿತ್ತು, ಹಾಕಿದ ದುಡ್ಡು ವಾಪಸ್ ಬರುವ ದಾರಿ ಇರಲಿಲ್ಲ. ಕೊನೆಗೆ ನಾವು ಖರ್ಚಿನ ಪುಸ್ತಕದ ಫೋಟೊ ತೆಗೆದು ಅವರಿಗೆ ಕಳಿಸಿದೆವು. ಅಮ್ಮನೂ ಮಾತಾಡಿದ್ದರಂತೆ. ಮುಂದಿನ ಸಲ ಊರಿಗೆ ಬಂದಾಗ ಸಹಿ ಹಾಕಿ, ಗಾಡಿ ಎಲ್ಲಿದೆ ಅಂತ ಕೇಳಿ, ಭಾಯ್ ಅಂಗಡಿಗೆ ಬಂದು ಅರ್ಧ ಗಂಟೆ ಸುಮ್ಮನೆ ಕೂತು ಹೋದರು.

ಆ ಪುಸ್ತಕದ ಪೂರ್ತಿ ಲೆಕ್ಕ ನಿಮಗೂ ಇರಲಿ. ಗಾಡಿಗೆ 6,000. ಸಾಗಣೆ 700. ಪಿಸ್ಟನ್, ಬೋರ್, ಕ್ರ್ಯಾಂಕ್ ಕೆಲಸ 8,500. ಕಾರ್ಬ್ಯುರೇಟರ್, ಸೀಲ್, ಕೇಬಲ್, ವೈರಿಂಗ್ 5,300. ಟಯರ್, ಟ್ಯೂಬ್, ಚೈನ್, ಬ್ರೇಕ್ 7,200. ಟ್ಯಾಂಕ್, ಬಣ್ಣ, ಸೀಟು 4,800. ಭಾಯ್ ಮಜೂರಿ 6,000. ಕಾಗದಪತ್ರ, ವಿಮೆ 5,500. ಒಟ್ಟು 44,000. ಎಂಟು ತಿಂಗಳಲ್ಲಿ, ಸುದ್ದಿ ದುಡ್ಡು ಬಂದಾಗ ಬಂದಷ್ಟು ಕೊಟ್ಟು ತೀರಿಸಿದ್ದು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಎಂಟು ತಿಂಗಳು ನಮ್ಮ ಗಾಡಿಗೆ ಕೈ ಹಚ್ಚಿದ ಮನುಷ್ಯನಿಗೆ ಹೋದದ್ದು 6,000. ಟಯರಿಗೆ, ಚೈನಿಗೆ ಅದಕ್ಕಿಂತ ಹೆಚ್ಚು ಹೋಗಿದೆ. ಹೆಚ್ಚು ಕೊಡೋಕೆ ಹೋದೆವು, ಭಾಯ್ ತಗೊಳ್ಳಲಿಲ್ಲ. ಅಗ್ಗಕ್ಕೆ ಸಿಕ್ಕಿದ್ದು ಗಾಡಿ ಒಂದೇ ಅಲ್ಲ.

ಗಾಡಿ ಅಂಗಡಿಯಿಂದ ಹೊರಬಂದ ಹದಿನೈದು ದಿನಕ್ಕೆ ಜೆಸಿಬಿ ಬಂತು. ಅಂಗಡಿಯ ಮುಂಭಾಗ ಹೋಯಿತು. ಉಳಿದ ನಾಲ್ಕು ಅಡಿಯಲ್ಲಿ ಬೈಕ್ ಅಡ್ಡ ನಿಲ್ಲಿಸೋಕೂ ಆಗೋದಿಲ್ಲ. ಪರಿಹಾರ ಕಟ್ಟಡದ ಮಾಲೀಕರಿಗೆ, ಬಾಡಿಗೆಗೆ ಇದ್ದವರ ಹೆಸರು ಪಟ್ಟಿಯಲ್ಲಿಲ್ಲ. ಆ ಬೀದಿಯಲ್ಲಿ ಭಾಯ್ ತರಹದವರು ಹನ್ನೊಂದು ಜನ. ಟೈಲರ್, ಪಂಕ್ಚರ್ ಅಂಗಡಿಯವರು, ಕೊಡೆ ರಿಪೇರಿಯವರು. ಆ ಸುದ್ದಿಯನ್ನು ನಾವಿಬ್ಬರೂ ಬರೆದೆವು. ಒಂದು ಪತ್ರಿಕೆಯಲ್ಲಿ ಸಿಂಗಲ್ ಕಾಲಂ ಬಂತು, ಇನ್ನೊಂದರಲ್ಲಿ ಬರಲಿಲ್ಲ.

ಭಾಯ್ ಈಗ ಮನೆ ಜಗಲಿಯಲ್ಲಿ ಕೂರುತ್ತಾರೆ. ಮಕ್ಕಳಿಗೆ ಈ ಕೆಲಸ ಬೇಡ. ಆದರೆ ಭಾನುವಾರ ಒಬ್ಬ ಹುಡುಗ ಬರುತ್ತಾನೆ. ವಾರವೆಲ್ಲ ಬೈಕ್ ಶೋರೂಮಿನ ಸರ್ವಿಸ್‌ನಲ್ಲಿ ಕೆಲಸ. "ಅಲ್ಲಿ ಕೆಟ್ಟ ಪಾರ್ಟ್ ಬಿಚ್ಚಿ ಹೊಸದು ಹಾಕೋದಣ್ಣ, ಯಾಕ್ ಕೆಡ್ತು ಅಂತ ಯಾರೂ ಕೇಳಲ್ಲ" ಅಂತಾನೆ. ಕಳೆದ ವಾರ ಸಿಗರೇಟ್ ಹಾಳೆ ಅವನ ಕೈಯಲ್ಲಿತ್ತು. ಭಾಯ್ ಪಕ್ಕದಲ್ಲಿ ಕೂತು, "ಎಳೀಬೇಡ, ಅದೇ ಬರ್ಲಿ" ಅನ್ನುತ್ತಿದ್ದರು. ನಾವು ಅದನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದೇವೆ. ಸೀಲ್ ಕೂರಿಸೋದು, ಕ್ಲಚ್ ಹೊಂದಿಸೋದು, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ ಆರೋಗ್ಯ ಹೇಳೋದು, ಇದುವರೆಗೆ 14 ಆಗಿವೆ.

ನಿಮ್ಮ ಕೊಟ್ಟಿಗೆಯಲ್ಲೂ ಒಂದು ಗಾಡಿ ಇದ್ದರೆ ಗುಜರಿಯವನಿಗೆ ಹೂಂ ಅನ್ನೋ ಮುಂಚೆ ಆರ್‌ಸಿ ಬುಕ್ ಹುಡುಕಿ. ಮಾಲೀಕರು ತೀರಿಕೊಂಡಿದ್ದರೆ ಮನೆಯವರೆಲ್ಲ ಊರಲ್ಲಿ ಸೇರುವ ಹಬ್ಬದಲ್ಲೇ ಸಹಿ ಮಾಡಿಸಿಕೊಳ್ಳಿ. ಗಾಡಿ ಓಡುತ್ತಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಬಿಡಬೇಡಿ. ಈಗಿನ ಪೆಟ್ರೋಲಿನಲ್ಲಿ 20ರಷ್ಟು ಭಾಗ ಎಥೆನಾಲ್ ಇದೆ, ಅದು ನೀರಿನಂಶ ಎಳೆಯುತ್ತೆ, ಹಳೇ ರಬ್ಬರ್ ಹಾಳಾಗುತ್ತೆ, ಟ್ಯಾಂಕ್ ತುಕ್ಕು ಹಿಡಿಯುತ್ತೆ.

ಮತ್ತೆ ನಿಮ್ಮ ಹೋಬಳಿಯಲ್ಲಿ ಭಾಯ್ ತರಹದವರು ಒಬ್ಬರು ಇದ್ದೇ ಇರುತ್ತಾರೆ. ಪಂಪ್‌ಸೆಟ್ಟಿನವರೋ, ರೇಡಿಯೊದವರೋ, ಗಾಣದವರೋ. ಒಂದು ಭಾನುವಾರ ಹೋಗಿ, ಟೀ ತರಿಸಿ, ಅವರ ಕೈಯ ಹತ್ತಿರ ಫೋನ್ ಹಿಡಿದು ಕೂತುಕೊಳ್ಳಿ. ಮುಖ ಬೇಡ, ಕೈ ಕಂಡರೆ ಸಾಕು.