ಹೆಪ್ಪು ಹಾಕಿದ ಹಾಲು

ಟೀವಿಯಲ್ಲಿ ಹಿಮಬಿರುಗಾಳಿಯ ಎಚ್ಚರಿಕೆ ಬಂದರೆ ಸಾಕು, ಮಾಲ್ಟನ್ನಿನ ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಖಾಲಿ. ನಾಲ್ಕು ಬೆರಳು ಹಿಮ ಬಿದ್ದು ನಿಂತರೆ ನಾವೇ ನಗುತ್ತೇವೆ. 1999ರಲ್ಲಿ ಹಿಮ ತೆಗೆಯಲು ಸೈನ್ಯ ಕರೆಸಿದ ಟೊರಾಂಟೊ ಮೇಯರ್ ಮೆಲ್ ಲಾಸ್ಟ್‌ಮನ್‌ರನ್ನು ಕೆನಡಾ ಇನ್ನೂ ಗೇಲಿ ಮಾಡುತ್ತದೆ.

ಆದರೆ 1954ರ ಅಕ್ಟೋಬರ್ 15ರ ರಾತ್ರಿ ಹೇಜಲ್ ಚಂಡಮಾರುತ ಬಂತು. ನಮ್ಮ ಮಾಲ್ಟನ್ ವಿಮಾನ ನಿಲ್ದಾಣದ ಹವಾಮಾನ ಕಚೇರಿ ಮುನ್ಸೂಚನೆ ಕೊಟ್ಟಿತ್ತು. ಚಂಡಮಾರುತ ಕಂಡರಿಯದ ಜನ, ಬರೀ ಮಳೆ ಎಂದುಕೊಂಡು ಮಲಗಿದರು. ಹಂಬರ್ ನದಿ ಉಕ್ಕಿತು. ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಮಂದಿ, ಒಂಟಾರಿಯೊದಲ್ಲಿ ಒಟ್ಟು 81 ಮಂದಿ ಸತ್ತರು.

ಇದನ್ನು ತಿಳಿದ ಮೇಲೆ, ಊರಿಂದ ಅಮ್ಮ ಫೋನಿನಲ್ಲಿ "ಸುದ್ದಿ ನೋಡಿದೆ, ಹುಷಾರು ಕಣೋ" ಅಂದರೆ ನಗುವುದಿಲ್ಲ. ಹಾಲು ತರುತ್ತೇನೆ. ಮುನ್ಸೂಚನೆ ಸುಳ್ಳಾದರೆ ಹೆಪ್ಪು ಹಾಕುತ್ತೇನೆ.