ಕಬ್ಬಿನ ಆಲು

ಭಾಷಾ ಪ್ರಯೋಗಾಲಯ ಅಂದರೆ ಎಷ್ಟೋ ಕಾಲೇಜುಗಳಲ್ಲಿ ಬೀಗ ಹಾಕಿದ ಒಂದು ಕೋಣೆ. ನ್ಯಾಕ್ ತಂಡ ಬರುತ್ತಿದ್ದ ವಾರ ಅದರ ಧೂಳು ಒರೆಸುತ್ತಿದ್ದರು. ಪಿಎಚ್‌ಡಿ ಮಾಡುತ್ತಲೇ ನಾನು ಪಾಠ ಹೇಳುವ, ಮಂಡ್ಯ ಕಡೆಯ ಪದವಿ ಕಾಲೇಜಿನಲ್ಲೂ ಅಂಥದ್ದೊಂದಿತ್ತು. ಕಳೆದ ವರ್ಷ ಅದನ್ನು ಬಳಕೆಗೆ ತರುವ ಕೆಲಸ ನನಗೆ ಬಂತು.

ಖರ್ಚು ಹೆಚ್ಚಾಗಲಿಲ್ಲ. ಹತ್ತು ಹಳೆಯ ಕಂಪ್ಯೂಟರು, ಮೈಕ್ ಇರುವ ಹೆಡ್‌ಫೋನು, ಧ್ವನಿಮುದ್ರಣಕ್ಕೆ ಪುಕ್ಕಟೆ ಸಿಗುವ ಅಡಾಸಿಟಿ. ಬೋಳು ಗೋಡೆಗಳಿಗೆ ಸದ್ದು ಬಡಿದು ಮಾರ್ದನಿಸುತ್ತಿತ್ತು. ಹಳೆಯ ಜಮಖಾನ ತೂಗುಹಾಕಿದೆವು.

ಕಷ್ಟವಿದ್ದದ್ದು ಏನು ಕೇಳಿಸುವುದು ಎಂಬಲ್ಲಿ. ಅಮೆರಿಕದಲ್ಲಿ 1958ರ ರಕ್ಷಣಾ ಶಿಕ್ಷಣ ಕಾಯಿದೆಯ ಹಣದಿಂದ ಇಂಥ ಲ್ಯಾಬುಗಳು ಹಬ್ಬಿದಾಗ ಪದ್ಧತಿ ಸರಳವಾಗಿತ್ತು: ಮಾದರಿ ಧ್ವನಿ ಕೇಳು, ಹಾಗೇ ಹೇಳು, ಹೋಲಿಸಿ ನೋಡು. ನಮ್ಮಲ್ಲಿದ್ದ ಸಿಡಿಗಳೂ ಅದೇ ಜಾಡಿನವು. ಅವನ್ನು ಹಾಕಿದರೆ ಮಕ್ಕಳು ಕೇಳುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ.

ಒಬ್ಬ ಬಿ.ಎ. ಹುಡುಗನಂತೂ ಮೈಕನ್ನೇ ಮುಟ್ಟುತ್ತಿರಲಿಲ್ಲ. ಕೇಳಿದ್ದಕ್ಕೆ, “ನಂಗೆ ಆಲು ಅಂತ್ಲೇ ಬರದು ಮೇಡಂ. ಐಸ್ಕೂಲಲ್ಲಿ ಓದಕ್ಕೆ ನಿಲ್ಸುದ್ರೆ ಎಲ್ರೂ ನಗೋರು” ಅಂದ.

ಆವತ್ತು ಸಿಡಿ ಬದಿಗಿಟ್ಟು ಪದದ ಕತೆ ಹೇಳಿದೆ. ಹಳಗನ್ನಡದಲ್ಲಿ ಅದು ‘ಪಾಲ್’. ಪಕಾರ ಹಕಾರವಾಗಿ ‘ಹಾಲು’ ಆಯಿತು. ಇವನ ಊರಲ್ಲಿ ಆ ಹಕಾರವೂ ಉದುರಿ ‘ಆಲು’ ಆಗಿದೆ. ಪಕಾರ ಬಿಟ್ಟವರನ್ನು ಕಂಡು ಯಾರೂ ನಗುವುದಿಲ್ಲ. ಹಕಾರ ಬಿಟ್ಟವರನ್ನು ಕಂಡು ನಗುತ್ತೇವೆ. “ಅಂಗಾದ್ರೆ ನಾವೇ ಒಂದೆಜ್ಜೆ ಮುಂದವ್ರೆ ಅನ್ನಿ” ಅಂದ ಹುಡುಗ. ಎಲ್ಲರೂ ನಕ್ಕರು. ಈ ಸಲ ಅವನೂ ನಕ್ಕ.

ಆದರೆ ನಾಳೆ ಕೆಲಸದ ಸಂದರ್ಶನದಲ್ಲಿ ಕೂತವರಿಗೆ ಈ ಕತೆ ಬೇಕಾಗಿಲ್ಲ. ಅವರು ಹಕಾರವನ್ನೇ ಎಣಿಸುತ್ತಾರೆ. ಅದನ್ನು ಮಕ್ಕಳಿಂದ ಮುಚ್ಚಿಡುವುದು ನ್ಯಾಯವಲ್ಲ. ಹಾಗಾಗಿ ಒಂದು ಕ್ರಮ ಮಾಡಿಕೊಂಡೆವು. ತನಗೆ ಗೊತ್ತಿರುವ ಒಂದು ಕೆಲಸದ ಬಗ್ಗೆ ಮೊದಲು ಮನೆಮಾತಿನಲ್ಲಿ ಮಾತಾಡಬೇಕು, ಆಮೇಲೆ ಅದನ್ನೇ ಪುಸ್ತಕದ ಕನ್ನಡದಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ. ನಡುನಡುವೆ ಕಿವಿಗೆ ಕಸರತ್ತು: ಅಲ್ಲಿ, ಹಲ್ಲಿ, ಹಳ್ಳಿ. ಇಂಗ್ಲಿಷಿನಲ್ಲಿ ಬನಿಯನ್ನಿಗೂ ಪಶ್ಚಿಮಕ್ಕೂ ಬೇರೆ ಬೇರೆ ಪದ. ನಮ್ಮ ಬಾಯಲ್ಲಿ ಎರಡೂ ‘ವೆಸ್ಟ್’. ಒಂದಕ್ಕೆ ಹಲ್ಲು ತುಟಿಗೆ ತಾಕಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ಈ ವ್ಯತ್ಯಾಸ ಹಿಡಿಯುವುದು ನನಗೂ ಸಲೀಸಲ್ಲ.

ಹುಡುಗ ಆಲೆಮನೆ ಬಗ್ಗೆ ಮಾತಾಡಿದ. ಗಾಣದಿಂದ ಬರುವ ಕಬ್ಬಿನ ಆಲು, ಕೊಪ್ಪರಿಗೆ, ಮೇಲೆ ಬರುವ ನೊರೆ ತೆಗೆಯುವುದು. ಎರಡು ನಿಮಿಷ ಸಾಕೆಂದಿದ್ದೆ. ಏಳು ನಿಮಿಷ ನಿಲ್ಲಿಸಲಿಲ್ಲ. ಅದೇ ಕಡತ ಈಗ ಉಳಿದವರಿಗೆ ಆಲಿಸುವ ಪಾಠ. ಮೈಸೂರಿನಲ್ಲಿ ಬೆಳೆದ ಹುಡುಗಿಯೊಬ್ಬಳು ಅದನ್ನು ಮೂರು ಸಲ ತಿರುಗಿಸಿ ಕೇಳಬೇಕಾಯಿತು.

ಈ ಸೆಮಿಸ್ಟರಿನ ಆಲಿಸುವ ಪರೀಕ್ಷೆಯ ಮೊದಲ ಪ್ರಶ್ನೆ: ಪಾಕ ಹದಕ್ಕೆ ಬಂತೆಂದು ಹೇಗೆ ತಿಳಿಯುತ್ತಾರೆ? ಉತ್ತರ ಕಡತದ ಐದನೇ ನಿಮಿಷದಲ್ಲಿದೆ: ತಣ್ಣೀರಿಗೆ ಒಂಚೂರು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ.